ಪೆಟ್ಟಿಗೆಯಲ್ಲಿ ಇರದ ಫೋಟೋ

ದೆವ್ವ, ಗಾಳಿ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಅಂಥದ್ದನ್ನು ಕೇಳಿಸಿಕೊಳ್ಳುವುದಕ್ಕೂ ನಾಚಿಕೆ. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ಆರು ವರ್ಷದ ಹಿಂದಿನ ಮಾತು. ಅಪ್ಪ ತೀರಿಕೊಂಡ ಮೇಲೆ ಅವರ ತಗಡಿನ ಪೆಟ್ಟಿಗೆಯಲ್ಲಿದ್ದ ಹಳೇ ಫೋಟೋಗಳನ್ನೆಲ್ಲ ಚಳ್ಳಕೆರೆಯ ನಮ್ಮ ಮನೆಗೆ ತಂದು, ಒಂದೊಂದನ್ನೂ ನಾನೇ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದ್ದೆ. ಒಂದು ಭಾನುವಾರ ಅಪ್ಪನ ತಂಗಿ, ನಮ್ಮತ್ತೆ, ಮೊಳಕಾಲ್ಮೂರಿನಿಂದ ಬಂದಿದ್ದರು. ಊಟವಾದ ಮೇಲೆ ಅವರನ್ನು ಕುರ್ಚಿಯಲ್ಲಿ ಕೂರಿಸಿ ಸ್ಲೈಡ್ ಶೋ ಹಾಕಿದೆ. ಒಂದೊಂದು ಫೋಟೋ ಐದು ಸೆಕೆಂಡ್ ನಿಂತು ತಾನೇ ಸರಿಯುತ್ತಿತ್ತು. ಇವರು ಯಾರು, ಆ ಸೀರೆ ಯಾರು ನೇಯ್ದದ್ದು ಎಂದು ಅತ್ತೆ ನಗುತ್ತಾ ಹೇಳುತ್ತಿದ್ದರು.

ಅತ್ತೆಗೆ ಗಿರಿಜಾ ಎಂಬ ಮಗಳಿದ್ದಳು. ನಾನು ಹುಟ್ಟುವ ಮೊದಲೇ, ಏಳು ವರ್ಷದವಳಿದ್ದಾಗ ಜ್ವರ ಬಂದು ತೀರಿಹೋದಳು. ಅವಳದೊಂದು ಫೋಟೋ ತೆಗೆಸಲಿಲ್ಲ ಎಂಬ ಕೊರಗು ಅತ್ತೆಯನ್ನು ಬಿಟ್ಟಿರಲಿಲ್ಲ. "ಮುಖಾನೇ ಮರ್ತು ಹೋಗ್ತೈತೆ" ಎಂದು ಅವರು ಅಳುವುದನ್ನು ಚಿಕ್ಕಂದಿನಿಂದ ಕಂಡಿದ್ದೆ.

ಅಪ್ಪನ ಮದುವೆಯ ಫೋಟೋ ಸರಿದು ಇನ್ನೊಂದು ಬಂತು. ಮಗ್ಗದ ಪಕ್ಕ ಕಂಬ ಹಿಡಿದು ನಿಂತ ಹುಡುಗಿ. ಒಂದು ಜಡೆ ಬಿಚ್ಚಿಹೋಗಿತ್ತು. ನಗುವನ್ನು ತಡೆದುಕೊಂಡ ಮುಖ. ಅತ್ತೆ ಎದ್ದು ಹತ್ತಿರ ಹೋದರು.

"ನಮ್ ಗಿರಿಜಿ" ಎಂದರು, ಮೆಲ್ಲಗೆ.

ನಾನು ಮೌಸ್ ಹಿಡಿಯುವಷ್ಟರಲ್ಲಿ ಅದು ಸರಿದುಹೋಯಿತು.

ಹಿಂದಕ್ಕೆ ಹೋಗಿ ನೋಡಿದೆ. ಅಪ್ಪನ ಮದುವೆ, ಅದಾದ ಮೇಲೆ ಶೇಂಗಾ ಕಣದ ಫೋಟೋ. ನಡುವೆ ಏನೂ ಇಲ್ಲ. ಫೋಲ್ಡರ್ ಪೂರ್ತಿ ಹುಡುಕಿದೆ, ಪೆಟ್ಟಿಗೆ ನೆಲಕ್ಕೆ ಸುರಿದೆ. ಅಂಥ ಫೋಟೋ ನನ್ನ ಕೈಗೆ ಬಂದೇ ಇರಲಿಲ್ಲ.

ಅತ್ತೆ ಮತ್ತೆ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ನಾಲ್ಕು ಸಲ ಮೊದಲಿನಿಂದ ಹಾಕಿಸಿಕೊಂಡು ನೋಡಿದರು. ಚಹಾ ಆರಿಹೋಯಿತು, ಐದು ಗಂಟೆಯ ಬಸ್ಸೂ ಹೋಯಿತು. ಒಳಗೆ ಮಲಗಿದ್ದ ನನ್ನ ಗಂಡ ಎದ್ದು ಬಂದು, ವಿಷಯ ಕೇಳಿ, ನನ್ನನ್ನು ಪಕ್ಕಕ್ಕೆ ಕರೆದರು. "ಏನೂ ಕಾಣ್ಲಿಲ್ಲ ಅಂತ ಹೇಳ್ಬಿಡು. ಇಲ್ಲಾಂದ್ರೆ ಆಯಮ್ಮ ಇದನ್ನೇ ಹಚ್ಕೊಂಡು ಕೊರಗ್ತಾಳೆ" ಎಂದರು. ಆಗ ನನಗೂ ಅದೇ ಸರಿ ಎನ್ನಿಸಿತು.

"ನೀನೂ ನೋಡಿದ್ಯಲ್ಲವ್ವ?" ಅತ್ತೆ ಕೇಳಿದರು.

"ಇಲ್ಲತ್ತೆ. ನಂಗೇನೂ ಕಾಣ್ಲಿಲ್ಲ."

ಅವರು ಕುರ್ಚಿಯಿಂದ ಎದ್ದರು. ಆಮೇಲೆ ಚೀಲ ತೆಗೆದುಕೊಂಡು ಚಪ್ಪಲಿ ಮೆಟ್ಟಿದರು. ನನ್ನೆದುರು ಮತ್ತೆಂದೂ ಆ ಮಾತು ಎತ್ತಲಿಲ್ಲ. ತಮಗೆ ವಯಸ್ಸಾಯಿತು, ಇಲ್ಲದ್ದೆಲ್ಲ ಕಾಣುತ್ತದೆ ಎಂದು ತಮ್ಮ ಮಗನ ಹತ್ತಿರ ಹೇಳಿದರಂತೆ.

ಮನಸ್ಸಿನಲ್ಲಿದ್ದದ್ದೇ ಕಣ್ಣಿಗೆ ಕಂಡಿರಬೇಕು ಎಂದು ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಗಿರಿಜಾಳ ಮುಖ ನನ್ನ ಮನಸ್ಸಿನಲ್ಲಿ ಎಲ್ಲಿತ್ತು? ನಾನು ಅವಳನ್ನು ನೋಡಿದವಳೇ ಅಲ್ಲ. ನಿಜ ಹೇಳಿಬಿಡೋಣವೆಂದು ಎರಡು ಮೂರು ಸಲ ಮೊಳಕಾಲ್ಮೂರಿಗೆ ಹೋದೆ. ಏನನ್ನು ಕಂಡೆನೆಂದು ನನಗೇ ತಿಳಿಯದೆ ಏನೆಂದು ಹೇಳಲಿ? ಪ್ರತಿ ಸಲವೂ ಅತ್ತೆ ಕೊಟ್ಟ ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ವಾಪಸ್ಸು ಬಂದಿದ್ದೇನೆ.