ಕೈಗೆ ಸಿಕ್ಕ ಸೀಸೆ

ಗಂಡನ ಕೈಯಿಂದ ಯಾವತ್ತಾದರೂ ಯಾರಿಗಾದರೂ ಹೆಚ್ಚುಕಡಿಮೆ ಆದೀತು ಎಂಬ ದಿಗಿಲು ವಿಶಾಲಾಕ್ಷಿಯನ್ನು ಬಿಟ್ಟಿರಲಿಲ್ಲ. ಶ್ರೀಕಂಠಯ್ಯ ಮದ್ದೂರಿನ ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ ಕಾಂಪೌಂಡರ್. ಡಾಕ್ಟರು ವಾರಕ್ಕೊಮ್ಮೆ ಮಂಡ್ಯದಿಂದ ಬಂದು ಹೋಗುತ್ತಿದ್ದರು. ಉಳಿದ ದಿನವೆಲ್ಲ ಇವರೊಬ್ಬರೇ. ಮೊದಲು ಪ್ರತಿ ಸೀಸೆಯನ್ನೂ ಬೆಳಕಿಗೆ ಹಿಡಿದು, ಮೂಸಿ ನೋಡಿ ಕೊಡುತ್ತಿದ್ದವರು. ಯುದ್ಧ ಬಂದು ಔಷಧಿ ಕಡಿಮೆಯಾಯಿತು, ಚಳಿಜ್ವರದವರ ಸಾಲು ಮಾತ್ರ ಬೆಳೆಯಿತು. ಈಗ ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಜನ ತಂದ ಸೀಸೆಗೆ ಮಿಕ್ಸ್ಚರ್ ಸುರಿಯುವುದು, ಒಂದು ಸಲಕ್ಕೆ ಎಷ್ಟು ಕುಡಿಯಬೇಕೆಂದು ತೋರಿಸುವ ಕಾಗದದ ಪಟ್ಟಿ ಕತ್ತರಿಸಿ ಅಂಟಿಸುವುದು, ಅಷ್ಟೆ. ಪಟ್ಟಿ, ಗೋಂದು ಈಗ ಮನೆಗೂ ಬರುತ್ತಿದ್ದವು.

“ನಿಮ್ ಯಜಮಾನ್ರಿಗೇ ಒಂದ್ ಸೀಸೆ ಔಸ್ದಿ ಕುಡ್ಸು ಕಣವ್ವ, ಬಾಯೇ ಬುಡಾಕಿಲ್ಲ!” ಎಂದು ಪಕ್ಕದ ಮನೆಯ ಚಿಕ್ಕನಂಜಮ್ಮ ನಗುತ್ತಿದ್ದಳು. ವಿಶಾಲಾಕ್ಷಿಗೆ ನಗು ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮಗು ಅಂಬೆಗಾಲಿಟ್ಟು ಅಡುಗೆಮನೆಯ ಮೂಲೆಗೆ ಹೋಯಿತು. ಎತ್ತಿಕೊಳ್ಳಲು ಬಗ್ಗಿದ ವಿಶಾಲಾಕ್ಷಿ ನೋಡುತ್ತಾಳೆ, ಸೀಮೆಎಣ್ಣೆ ಸೀಸೆಗೆ ಔಷಧಿಯ ಪಟ್ಟಿ ಅಂಟಿದೆ. ಗೋಂದು ಇನ್ನೂ ಹಸಿ.

“ಏನೂಂದ್ರೆ, ಇದನ್ನ ನೀವೇ ಅಂಟಿಸಿದ್ರಾ? ಸೀಮೆಎಣ್ಣೆ ಕಣ್ರೀ ಇದು!”

“ಹೌದಾ? ಕೈಗೆ ಸಿಕ್ತು, ಅಂಟಿಸ್ದೆ,” ಎಂದರು. ಗಾಬರಿಯಿಲ್ಲ, ನಾಚಿಕೆಯಿಲ್ಲ.

“ಇವತ್ತು ಹೋಗ್ಬೇಡಿ.”

“ಹೋಗ್ದೆ ಇನ್ನೇನ್ ಮಾಡ್ಲಿ?” ಕೋಟು ತೊಟ್ಟು ಹೊರಟೇಬಿಟ್ಟರು.

ಹೇಳಿದರೆ ಗಂಡನ ಕೆಲಸ ಹೋದೀತು. ಹೇಳದಿದ್ದರೆ ಯಾರದೋ ಜೀವ ಹೋದೀತು. ವಿಶಾಲಾಕ್ಷಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಅಂಚೆ ಕಚೇರಿಗೆ ನಡೆದಳು. ಮಂಡ್ಯದ ಡಾಕ್ಟರ ಮನೆಗೆ ಫೋನು ಸಿಗುವವರೆಗೂ ಬೆಂಚಿನ ಮೇಲೆ ಕೂತಳು.

“ಡಾಕ್ಟರೇ, ನಾನು ಶ್ರೀಕಂಠಯ್ಯನವರ ಹೆಂಡತಿ. ದಯವಿಟ್ಟು ಈಗಲೇ ಹೊರಟು ಬನ್ನಿ. ಇವತ್ತು ಅವರ ಕೈಯಲ್ಲಿ ಯಾರಿಗೂ ಔಷಧಿ ಕೊಡಿಸಬೇಡಿ.”