ಗೇಟಿನಾಚೆ ಬಾರದ ವಿಡಿಯೋ

ಸೋಫಾ, ಕುರ್ಚಿ, ಹಾಸಿಗೆಗಳ ಹೊಟ್ಟೆ ಬಗೆದು ಸರಿಮಾಡುವುದೇ ಕಸುಬಾದ್ದರಿಂದ ಓಣಿಯವರೆಲ್ಲ ಅವರನ್ನು ಸ್ಪ್ರಿಂಗ್ ಮಾಮ ಎಂದೇ ಕರೆಯುತ್ತಿದ್ದರು. ಕಿರುಗುಟ್ಟುವ ಸೋಫಾ ಬಂದರೆ ಮಾಮ ಮೊದಲು ಅದನ್ನು ಬೋರಲು ಹಾಕಿ, ಅಡಿಯ ಬಟ್ಟೆ ಕಿತ್ತು, ಒಳಗೆ ಕೈಯಿಡುವರು. ಒಳಗಿನದು ಕೈಗೆ ಸಿಕ್ಕಿದ ಮೇಲೆಯೇ ಅವರ ತಲೆ ಓಡುವುದು. ಹೀಗಾಗಿ ಮಗಳು ಕೊಡಿಸಿದ ಫೋನು ಅವರಿಗೆ ಒಗಟಾಗಿತ್ತು. ಅದಕ್ಕೆ ಕೀಳಲು ಅಡಿಬಟ್ಟೆಯೇ ಇರಲಿಲ್ಲ.

ಆದರೂ ಫೋನು ಕೈಬಿಡುವಂತಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಮಗಳು ಹಳೆಯ ಕ್ಯಾಮೆರಾದಿಂದ ಒಂದು ವಿಡಿಯೋ ಹುಡುಕಿ ತೆಗೆದಿದ್ದಳು. ಅದರಲ್ಲಿ ಹೆಂಡತಿ ಹೊಲಿಗೆ ಮಿಷನ್ನಿನ ಮುಂದೆ ಕೂತು, ಕತ್ತರಿ ಕಾಣದೆ ಗಂಡನಿಗೆ ಚೆನ್ನಾಗಿ ಉಗಿಯುತ್ತಾಳೆ. ಕೊನೆಗೆ ಅದು ತನ್ನ ಮಡಿಲಲ್ಲೇ ಸಿಕ್ಕಿ ನಗುತ್ತಾಳೆ. ಅವಳ ದನಿ ಉಳಿದಿದ್ದು ಅದೊಂದರಲ್ಲೇ. ಮಗಳು ಫೋನಿಗೆ ಒಂದು ಆ್ಯಪ್ ಹಾಕಿ ಎಲ್ಲಿ ಒತ್ತಬೇಕೆಂದು ತೋರಿಸಿಕೊಟ್ಟಳು. ಅಂದಿನಿಂದ ಮಾಮನಿಗೆ ಊಟವಾದ ಮೇಲೆ ಮಂಚದಲ್ಲಿ ಕಾಲುಚಾಚಿ ಬೈಸಿಕೊಳ್ಳುವುದು ರೂಢಿಯಾಯಿತು.

ಒಂದು ದಿನ ನಾದಿನಿ ಫೋನು ಮಾಡಿದಳು. ಮಾತಿನ ಮಧ್ಯೆ, "ಅಕ್ಕನ ದನಿ ಮರೆತೇ ಹೋಗ್ತಿದೆ ಭಾವ. ಮುಖ ಫೋಟೋದಲ್ಲಿದೆ, ದನಿ ಎಲ್ಲಿಂದ ತರ್ಲಿ?" ಎಂದಳು.

"ನನ್ನ ಜೇಬಲ್ಲೇ ಇದೆ. ನಾಳೆ ತಂದು ಕೇಳಿಸ್ತೀನಿ," ಎಂದರು ಮಾಮ.

ನಾದಿನಿ ಊರಿನ ಇನ್ನೊಂದು ತುದಿಯಲ್ಲಿ, ಹೋಟೆಲೊಂದರ ಬಟ್ಟೆ ಒಗೆಯುವ ಮನೆಯಲ್ಲಿ ಇಸ್ತ್ರಿ ಕೆಲಸಕ್ಕಿದ್ದಳು. ನೆಲಮಾಳಿಗೆ, ತುಂಬ ಹಬೆ, ಗೋಡೆಯುದ್ದಕ್ಕೂ ಬಿಳಿ ಹಾಸುಗಳ ರಾಶಿ. ಭಾವನನ್ನು ಕಂಡು ಅವಳು ಇಸ್ತ್ರಿ ಆರಿಸಿ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದಳು. ಜೊತೆಯ ಹೆಂಗಸರೂ ಸುತ್ತ ನಿಂತರು. ಮಾಮ ಠೀವಿಯಿಂದ ಒತ್ತಿದರು. ಪರದೆಯ ನಡುವೆ ಒಂದು ಬಳೆ ಗರಗರ ತಿರುಗಿತು, ತಿರುಗುತ್ತಲೇ ಇತ್ತು. ಆಮೇಲೆ ಅಕ್ಷರ ಮೂಡಿತು: ಸರ್ವರ್ ಸಿಗುತ್ತಿಲ್ಲ, ಪಟ್ಟಿಯಿಂದ ತೆಗೆಯಬೇಕೆ?

ಏನನ್ನು ತೆಗೆಯುವುದೋ, ಎಲ್ಲಿಂದ ತೆಗೆಯುವುದೋ ಮಾಮನಿಗೆ ತಿಳಿಯಲಿಲ್ಲ. ಅಡ್ಡ ಬಂದದ್ದನ್ನು ತೆಗೆದರೆ ದಾರಿಯಾದೀತು ಎಂದುಕೊಂಡು 'ಹೌದು' ಒತ್ತಿದರು. ಪರದೆ ಖಾಲಿಯಾಯಿತು. ಹೆಂಡತಿಯ ಚಿತ್ರವಿದ್ದ ಪುಟ್ಟ ಚೌಕವೂ ಇಲ್ಲ.

"ಏನಾಯ್ತು ಭಾವ?"

"ಫೋನ್ ಬಿಸಿಯಾಗಿದೆ," ಎಂದರು ಮಾಮ.

ಬಸ್ಸಿನಲ್ಲಿ ಇಡೀ ದಾರಿ ಅವರಿಗೆ ಅದೇ ಯೋಚನೆ. ಉಳಿದಿದ್ದ ಒಂದೇ ದನಿಯನ್ನು ನಾನೇ ಕೈಯಾರೆ ಅಳಿಸಿಬಿಟ್ಟೆನಲ್ಲ, ಮಗಳಿಗೆ ಯಾವ ಮುಖ ತೋರಿಸಲಿ? ಬೆಳಿಗ್ಗೆ ಮನೆಯಲ್ಲಿ ಇತ್ತು, ಹೊರಡುವಾಗಲೂ ಇತ್ತು. ದಾರಿಯಲ್ಲಿ ಎಲ್ಲಾದರೂ ಬಿದ್ದುಹೋಗುವ ವಸ್ತುವೇ ಅದು? ಅವರು ಸುಮ್ಮನೆ ಜೇಬು ತಡವಿ ನೋಡಿದರು.

ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದರು. ಅಡುಗೆಮನೆಯಿಂದ ದನಿ ಬಂತು: "ರೀ, ಆ ಕತ್ತರಿ ಎಲ್ಲಿಟ್ರಿ?"

"ಇಲ್ಲೇ ಎಲ್ಲೋ ಇರ್ಬೇಕು ನೋಡೇ," ಎಂದುಬಿಟ್ಟರು ಮಾಮ, ಹಳೆಯ ಅಭ್ಯಾಸಬಲದಲ್ಲಿ. ಆಮೇಲೆ ಒಂದೇ ಕಾಲಿನ ಚಪ್ಪಲಿಯಲ್ಲೇ ಅತ್ತ ಓಡಿದರು.

ಒಳಗೆ ಮಗಳು ತರಕಾರಿ ಹೆಚ್ಚುತ್ತಿದ್ದಳು. ಅವಳ ಫೋನು ಡಬ್ಬಕ್ಕೆ ಒರಗಿತ್ತು, ಅದರಲ್ಲಿ ಅವಳಮ್ಮ ಬೈಯುತ್ತಿದ್ದಳು. ಮಗಳ ಕಣ್ಣು ಒದ್ದೆಯಾಗಿತ್ತು. ತಾನೊಬ್ಬನೇ ಇದನ್ನು ನೋಡುವುದು ಎಂದು ಮಾಮ ತಿಳಿದಿದ್ದರು.

"ನೀನೂ ನೋಡ್ತೀಯಾ?"

"ನೀವಿಲ್ದಾಗ ನೋಡ್ತೀನಪ್ಪ," ಎಂದಳು ಅವಳು ಮೂಗೊರೆಸಿಕೊಂಡು.

ಆಗ ಮಾಮ ಎಲ್ಲ ಹೇಳಿದರು. ಮಗಳಿಗೆ ನಗು ಬಂತು, ಪಾಪ ಅನ್ನಿಸಿತು. "ಅಮ್ಮ ನಿಮ್ಮ ಫೋನಲ್ಲೂ ಇಲ್ಲ, ನನ್ನ ಫೋನಲ್ಲೂ ಇಲ್ಲ. ವಿಡಿಯೋ ಇರೋದು ಹಾಲ್‌ನ ಕಂಪ್ಯೂಟರಲ್ಲಿ. ಮನೇಲಿದ್ರೆ ವೈಫೈ ಅದನ್ನ ಫೋನಿಗೆ ತಲುಪಿಸುತ್ತೆ. ನೀವು ಅಳಿಸಿದ್ದು ದಾರೀನ, ವಿಡಿಯೋನ ಅಲ್ಲ."

"ಮತ್ತೆ ನನ್ನ ಕೈಯಲ್ಲಿ ಕಾಣ್ತಿತ್ತಲ್ಲ?"

"ಕಾಣ್ತಿತ್ತು ಅಷ್ಟೇ."

ಅವಳು ದಾರಿಯನ್ನು ಮತ್ತೆ ಜೋಡಿಸಿಕೊಟ್ಟಳು. ಮಾಮನಿಗೆ ನಂಬಿಕೆ ಬರಲಿಲ್ಲ. ಬೈಯುವ ಹೆಂಡತಿಯನ್ನು ಹಿಡಿದು ಮೆಟ್ಟಿಲಿಳಿದು ಗೇಟಿನವರೆಗೆ ಹೋದರು. ಗೇಟು ದಾಟುತ್ತಲೇ ಅವಳು ಬಾಯಿ ತೆರೆದಂತೆಯೇ ನಿಂತುಬಿಟ್ಟಳು. ಒಳಗೆ ಬಂದರು, ಮಾತು ಮುಂದುವರಿಯಿತು. ಹೊರಗೆ ಹೋದರು, ನಿಂತಿತು. ಎದುರು ಮನೆಯ ದರ್ಜಿ ಕಿಟಕಿಯಿಂದ ಇಣುಕಿ, "ಏನ್ ಮಾಮ, ಗೇಟು ಅಳತೆ ಮಾಡ್ತಿದ್ದೀರಾ?" ಎಂದು ಕೇಳಿದ. ಮಾಮ ಫೋನು ಜೇಬಿಗಿಳಿಸಿ ಗೇಟು ಹಾಕಿಕೊಂಡರು.

ರಜೆಯ ದಿನ ನಾದಿನಿಯನ್ನು ಮನೆಗೇ ಕರೆಸಿದರು. ಅಕ್ಕ ಸತ್ತ ಮೇಲೆ ಅವಳು ಈ ಹೊಸಿಲು ತುಳಿದಿರಲಿಲ್ಲ. ಮಂಚದ ಮೇಲೆ ಮಾಮ, ಮಗಳು, ನಾದಿನಿ ಒತ್ತಿಕೊಂಡು ಕೂತು ನೋಡಿದರು. ನಗು ಬಂದಾಗ ನಾದಿನಿ ಅಕ್ಕನಂತೆಯೇ ನಕ್ಕಳು, ಆಮೇಲೆ ಬಿಕ್ಕಿ ಅತ್ತಳು. ಹೊರಡುವ ಮುಂಚೆ ಮಗಳು ಚಿಕ್ಕಮ್ಮನ ಫೋನು ಇಸಿದುಕೊಂಡು ಏನೋ ಮಾಡಿ ವಾಪಸು ಕೊಟ್ಟಳು.

ಸಂಜೆ ನಾದಿನಿಯ ಕರೆ ಬಂತು. "ಭಾವ, ಬಸ್ಸಲ್ಲಿದ್ದೀನಿ, ಇಲ್ಲೂ ಅಕ್ಕ ಮಾತಾಡ್ತಿದ್ದಾಳೆ."

ಮಾಮ ಫೋನು ಕೆಳಗಿಟ್ಟು ಹಾಲ್‌ಗೆ ಬಂದು ಕಂಪ್ಯೂಟರನ್ನು ದಿಟ್ಟಿಸಿದರು. "ನಮ್ಮನೆ ವೈಫೈ ಅಷ್ಟು ದೂರ ಹೋಗುತ್ತೇನೇ?"

"ಇಲ್ಲಪ್ಪ, ಚಿಕ್ಕಮ್ಮನ ಫೋನಿಗೆ ಇನ್ನೊಂದು ಪ್ರತಿ ಹಾಕಿದ್ದೀನಿ. ನಿಮ್ಮದಕ್ಕೂ ಹಾಕ್ಲಾ?"

ಮಾಮ ಬೆರಳು ಮಡಿಸಿ ಲೆಕ್ಕ ಹಾಕಿದರು. ಕಂಪ್ಯೂಟರಿನಲ್ಲಿ ಒಬ್ಬಳು, ಬಸ್ಸಿನಲ್ಲಿ ಒಬ್ಬಳು. ಇನ್ನು ಜೇಬಿನಲ್ಲೂ ಒಬ್ಬಳು ಅಂದರೆ ಯಾಕೋ ಮನಸ್ಸು ಒಪ್ಪಲಿಲ್ಲ.

"ಬೇಡ, ನನಗೆ ಮನೇಲಿದ್ದಾಗ ಸಿಕ್ಕಿದ್ರೆ ಸಾಕು," ಎಂದು ಹೇಳಿ, ಅರ್ಥವಾದವರಂತೆ ತಲೆಯಾಡಿಸಿ, ಅರ್ಧ ಕಟ್ಟಿದ್ದ ಕುರ್ಚಿಯತ್ತ ನಡೆದರು.