ಗಾಜಿನ ಚಪ್ಪಲಿಯ ಕಥೆಗೊಂದು ತಿದ್ದುಪಡಿ

ಊರಿನ ಕ್ಯಾಂಪ್ ಬಡಾವಣೆಯ ಒಂದು ಕೋಚಿಂಗ್ ಕ್ಲಾಸಿನಲ್ಲಿ ನಾನು ದೊಡ್ಡವರಿಗೆ ಇಂಗ್ಲಿಷ್ ಕಲಿಸುತ್ತಿದ್ದೆ. ಗಾಜಿನ ಚಪ್ಪಲಿಯ ಹುಡುಗಿಯ ಕಥೆಗೆ ಕಠಿಣ ಶಬ್ದ ತುರುಕಿ ಕಲಿಸುವುದು ಅಲ್ಲಿನ ಪದ್ಧತಿ. ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಮಲತಾಯಿ ಎಂಬ ಪದದ ಮುಂದೆ ‘ಮಲೆವಲೆಂಟ್’ ಎಂದು ಬರೆಸಿ, ಕೇಡು ಬಯಸುವವಳು ಎಂದು ಅರ್ಥ ಹೇಳಿದೆ.

ಗುಂಜಿ ಊರಿನಿಂದ ರೈಲಿನಲ್ಲಿ ಕ್ಲಾಸಿಗೆ ಬರುತ್ತಿದ್ದ ನರ್ಸ್ ಶಾಂತವ್ವ ತಮ್ಮ ನೋಟ್‌ಬುಕ್ಕಿನ ಮೇಲೆ ಪೆನ್ನು ಇಟ್ಟರು.

“ಸರ್, ಅಕ್ಕ ತೀರಿಕೊಂಡ ಮ್ಯಾಲೆ ಆಕಿ ಗಂಡಗ ನನ್ನ ಕೊಟ್ರು. ಆಕಿ ಮಗಳಿಗೆ ನಾನ ಮಲತಾಯಿ. ಹುಡುಗಿ ದಿನಾ ನನ್ನ ಈ ವಹಿ ಓದ್ತಾಳ್ರಿ. ಬ್ಯಾರೆ ಶಬ್ದ ಕೊಡ್ರಿ.”

“ಕಥಿನ ಹಂಗ ಐತ್ರಿ, ಸಿಸ್ಟರ್.”

“ಕಥಿ ಬರದಾಂವ ನಮ್ಮ ಮನಿ ನೋಡ್ಯಾನೇನ್ರಿ?”

ಆ ಶಬ್ದ ಹೊಡೆದುಹಾಕಿಸಿ, ‘ಮ್ಯಾಗ್ನಾನಿಮಸ್’ ಎಂದು ಬರೆಸಿದೆ: ದೊಡ್ಡ ಮನಸ್ಸಿನವಳು. ಕಥೆಯಲ್ಲಿ ಅಂಥ ಮಲತಾಯಿ ಮಗಳನ್ನು ತಾನೇ ಸಿಂಗರಿಸಿ ಅರಮನೆಗೆ ಕಳಿಸಿದಳು. ಕಥೆ ಎರಡನೇ ಪುಟದಲ್ಲೇ ಮುಗಿಯಿತು. ಉಳಿದ ಕಠಿಣ ಶಬ್ದಗಳನ್ನು ಯಾರೂ ಕಲಿಯಲಿಲ್ಲ.